ಸ್ಟೆಂಟ್ ಹಾಕಿಸಿಕೊಂಡು ಕೊಡಗಿನ ಮನೆಗೆ ಬಂದ ಮೇಲೆ: ಸುಸ್ತು, ಉಸಿರು, ಎದೆಯ ಚುಚ್ಚು ಯಾವುದರಿಂದ?

ಮೈಸೂರಿನಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಸಣ್ಣ ಜಾಲರಿ, ಹಾಕಿಸಿಕೊಂಡು ಮೂರನೆಯ ದಿನ ಮನೆಗೆ ಹೊರಟಿದ್ದೆವು. ಕುಶಾಲನಗರ ದಾಟಿ ಆನೆಕಾಡಿನ ತಿರುವುಗಳಲ್ಲಿ ಕಾರು ಏರುತ್ತಿದ್ದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಲೆಕ್ಕ: ಬ್ಲಾಕ್ ಹೋಯಿತು, ಇನ್ನೆರಡು ದಿನಕ್ಕೆ ತೋಟಕ್ಕೆ ಇಳಿಯಬಹುದು. ಮೂರ್ನಾಡಿನ ಹತ್ತಿರ ನಮ್ಮ ಮನೆ ರಸ್ತೆಯಿಂದ ಮೇಲಕ್ಕಿದೆ, 42 ಕಲ್ಲಿನ ಮೆಟ್ಟಿಲು. ಇಪ್ಪತ್ತನೆಯದಕ್ಕೆ ಬರುವಷ್ಟರಲ್ಲಿ ನಿಂತುಬಿಟ್ಟೆ. ಎದೆ ನೋಯಲಿಲ್ಲ, ಕಾಲಿನಲ್ಲಿ ಬಲವೇ ಇರಲಿಲ್ಲ. ಹೆಂಡತಿ ಏನೂ ಹೇಳದೆ ಪಕ್ಕದಲ್ಲಿ ನಿಂತಳು. ಅವತ್ತು ರಾತ್ರಿಯಿಡೀ ನಿದ್ದೆ ಇಲ್ಲ. ಹಾಕಿದ ಸ್ಟೆಂಟ್ ಆಗಲೇ ಮುಚ್ಚಿಹೋಯಿತೇನೋ ಎಂಬ ಭಯ.

ಮುಚ್ಚಿರಲಿಲ್ಲ. ಆ ಸುಸ್ತಿಗೆ ಬೇರೆ ಬೇರೆ ಕಾರಣಗಳಿದ್ದವು, ಅವು ಒಂದೊಂದಾಗಿ ಗೊತ್ತಾಗಲು ಮೂರು ತಿಂಗಳು ಹಿಡಿಯಿತು. ನಾನು ಡಾಕ್ಟರಲ್ಲ, ಕಾಫಿ ಬೆಳೆಯುವವನು. ಆದರೆ ಯಾವುದನ್ನು ಮೊದಲು ನೋಡಬೇಕು, ಯಾವುದಕ್ಕೆ ಹೆದರಬಾರದು, ಯಾವುದಕ್ಕೆ ಒಂದು ನಿಮಿಷವೂ ಕಾಯಬಾರದು ಎಂದು ಆಗ ಯಾರಾದರೂ ಬರೆದುಕೊಟ್ಟಿದ್ದರೆ ಎಷ್ಟೋ ರಾತ್ರಿ ನೆಮ್ಮದಿಯಾಗಿ ಮಲಗುತ್ತಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಡಿಸ್ಚಾರ್ಜ್ ಚೀಟಿಯನ್ನು ಕೂತು ಓದಿ

ನಮ್ಮಲ್ಲಿ ಹೆಚ್ಚಿನವರು ಆ ಚೀಟಿಯಲ್ಲಿ ಮಾತ್ರೆಯ ಪಟ್ಟಿಯನ್ನಷ್ಟೇ ನೋಡುತ್ತಾರೆ. ನಿಮಗೆ ಎಷ್ಟು ಬೇಗ ಶಕ್ತಿ ಬರಬಹುದು ಎಂಬ ಅಂದಾಜೂ ಅದರಲ್ಲೇ ಇದೆ. ಅದರಲ್ಲಿ ಮೂರು ಸಂಗತಿ ಹುಡುಕಿ. ಅರ್ಥವಾಗದಿದ್ದರೆ ಮುಂದಿನ ಭೇಟಿಯಲ್ಲಿ ಡಾಕ್ಟರ ಹತ್ತಿರ ಬೆರಳಿಟ್ಟು ಕೇಳಿ.

ಒಂದು, ಸ್ಟೆಂಟ್ ಹಾಕಿದ್ದು ಹೃದಯಾಘಾತವಾದ ಮೇಲೋ, ಅಥವಾ ಏರು ಹತ್ತುವಾಗ ಎದೆ ಹಿಡಿಯುತ್ತಿತ್ತು ಎಂದೋ? ಎರಡಕ್ಕೂ ಹಾಕುವ ಸ್ಟೆಂಟ್ ಒಂದೇ ಇರಬಹುದು, ಚೇತರಿಕೆ ಮಾತ್ರ ಒಂದೇ ಅಲ್ಲ. ಆಘಾತವಾಗದೆ ಹಾಕಿಸಿಕೊಂಡವರ ಹೃದಯದ ಸ್ನಾಯು ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ, ಅದಕ್ಕೆ ರಕ್ತ ಸಾಲುತ್ತಿರಲಿಲ್ಲ ಅಷ್ಟೆ. ಆಘಾತವಾದವರಲ್ಲಿ ಸ್ನಾಯುವಿನ ಒಂದು ಭಾಗ ರಕ್ತವಿಲ್ಲದೆ ಸತ್ತಿರಬಹುದು, ಇನ್ನೊಂದು ಭಾಗ ಮರಗಟ್ಟಿದ ಹಾಗೆ ಸುಮ್ಮನಿರಬಹುದು. ಸತ್ತದ್ದು ಗಾಯದ ಕಲೆಯಾಗುತ್ತದೆ. ಮರಗಟ್ಟಿದ್ದು ವಾರಗಳು, ಕೆಲವೊಮ್ಮೆ ತಿಂಗಳುಗಳಲ್ಲಿ ಎಚ್ಚೆತ್ತುಕೊಳ್ಳುತ್ತದೆ.

ಎರಡು, ಎಕೋ (ಹೃದಯದ ಸ್ಕ್ಯಾನ್) ವರದಿಯಲ್ಲಿ ಇ.ಎಫ್. ಎಷ್ಟು ಎಂದು ನೋಡಿ. ಹೃದಯ ಒಂದು ಬಡಿತಕ್ಕೆ ತನ್ನಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಗೆ ತಳ್ಳುತ್ತದೆ ಎಂಬ ಅಳತೆ ಅದು. 55ರ ಮೇಲಿದ್ದರೆ ಪಂಪು ಚೆನ್ನಾಗಿದೆ. 40ಕ್ಕಿಂತ ಕೆಳಗಿದ್ದರೆ ನಿಮ್ಮ ಸುಸ್ತಿಗೆ ದೊಡ್ಡ ಕಾರಣ ಅಲ್ಲೇ ಇದೆ. ಆರರಿಂದ ಹನ್ನೆರಡು ವಾರದೊಳಗೆ ಇನ್ನೊಂದು ಎಕೋ ಯಾವಾಗ ಎಂದು ಕೇಳಿ. ಸ್ಟೆಂಟ್ ಹಾಕಿದ ವಾರದಲ್ಲಿ ಕಂಡ ಸಂಖ್ಯೆ ಹಾಗೇ ಉಳಿಯುತ್ತದೆ ಎಂದೇನಿಲ್ಲ, ಎಷ್ಟೋ ಜನರಲ್ಲಿ ಅದು ಏರುತ್ತದೆ.

ಮೂರು, ಮುಟ್ಟದೆ ಬಿಟ್ಟ ಬ್ಲಾಕ್ ಇದೆಯೇ? ಒಂದು ನಾಳಕ್ಕೆ ಸ್ಟೆಂಟ್ ಹಾಕಿ, ಸಣ್ಣಪುಟ್ಟ ಅಡಚಣೆಗಳನ್ನು ಮಾತ್ರೆಯಿಂದ ನೋಡಿಕೊಳ್ಳೋಣ ಎಂದು ಬಿಡುವುದು ಸಾಮಾನ್ಯ, ಸರಿಯೂ ಹೌದು. ಆದರೆ ಅದು ನಿಮಗೆ ಗೊತ್ತಿರಬೇಕು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಸ್ಟೆಂಟ್ ಹಾಕಿದ ಕೂಡಲೇ ಎಲ್ಲರ ಎದೆನೋವೂ ಪೂರ್ತಿ ಹೋಗುವುದಿಲ್ಲ. 2023ರಲ್ಲಿ ಪ್ರಕಟವಾದ ಆರ್ಬಿಟಾ-2 ಎಂಬ ಅಧ್ಯಯನದಲ್ಲಿ ಎದೆನೋವಿದ್ದ 301 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ನಿಜವಾಗಿ ಸ್ಟೆಂಟ್, ಇನ್ನೊಂದಕ್ಕೆ ಹಾಕಿದಂತೆ ತೋರಿಸುವ ಪ್ರಕ್ರಿಯೆ ಮಾತ್ರ. ಯಾರಿಗೆ ಯಾವುದೆಂದು ರೋಗಿಗಳಿಗೆ ಹೇಳಿರಲಿಲ್ಲ. ಮೂರು ತಿಂಗಳಾದಾಗ ಸ್ಟೆಂಟ್ ಹಾಕಿದವರಲ್ಲಿ ಶೇ. 40ರಷ್ಟು ಜನರಿಗೆ ನೋವು ಪೂರ್ತಿ ನಿಂತಿತ್ತು, ಹಾಕದವರಲ್ಲಿ ಶೇ. 15ರಷ್ಟು ಜನರಿಗೆ. ಎದೆನೋವಿನ ಮಾತ್ರೆಗಳನ್ನು ನಿಲ್ಲಿಸಿ ಮಾಡಿದ ಅಧ್ಯಯನ ಅದು. ಸ್ಟೆಂಟ್ ಕೆಲಸ ಮಾಡುತ್ತದೆ, ಆದರೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಏನೋ ಸ್ವಲ್ಪ ಉಳಿದಿರುತ್ತದೆ ಎಂದು ಇದರಿಂದ ತಿಳಿಯಿತು. ಉಳಿದದ್ದನ್ನು ಕಂಡು ಎದೆಗುಂದಬೇಡಿ, ಡಾಕ್ಟರಿಗೆ ಹೇಳಿ. ಅದಕ್ಕೆ ಮಾತ್ರೆಗಳಿವೆ.

ಮೊದಲಿದ್ದ ಸುಸ್ತು ಹೃದಯದ್ದೇ ಆಗಿರಲಿಲ್ಲ ಎಂಬ ಸಾಧ್ಯತೆಯೂ ಇದೆ. ಥೈರಾಯ್ಡ್, ಹತೋಟಿಗೆ ಬಾರದ ಸಕ್ಕರೆ, ಕಡಿಮೆ ಹಿಮೋಗ್ಲೋಬಿನ್, ಗೊರಕೆ ಹೊಡೆಯುತ್ತಾ ಉಸಿರು ನಿಲ್ಲುವ ನಿದ್ದೆ, ಇವುಗಳಿಂದ ಬಂದ ಆಯಾಸವನ್ನು ಯಾವ ಸ್ಟೆಂಟೂ ತೆಗೆಯಲಾರದು.

ಮೊದಲ ಹತ್ತು ದಿನ

ಕೈಯ ಮಣಿಕಟ್ಟಿನ ನಾಳದ ಮೂಲಕ ಸ್ಟೆಂಟ್ ಹಾಕಿದ್ದರೆ ಅಲ್ಲಿ ನೀಲಿಗಟ್ಟುವುದು, ಮುಟ್ಟಿದರೆ ನೋಯುವುದು ಒಂದೆರಡು ವಾರ ಇರಬಹುದು. ಆ ಕೈಯಲ್ಲಿ ಕೆಲವು ದಿನ ನೀರಿನ ಕೊಡ, ಸೌದೆ, ಮಗು ಯಾವುದನ್ನೂ ಎತ್ತಬೇಡಿ. ರಕ್ತ ಜಿನುಗಿದರೆ ಕೂತು, ಬೆರಳಿನಿಂದ ಬಲವಾಗಿ ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಡುನಡುವೆ ತೆಗೆದು ನೋಡಬೇಡಿ. ನಿಲ್ಲದಿದ್ದರೆ, ಗಡ್ಡೆ ದೊಡ್ಡದಾಗುತ್ತಿದ್ದರೆ, ಕೈ ತಣ್ಣಗಾಗಿ ಮರಗಟ್ಟಿದರೆ ಆಸ್ಪತ್ರೆಗೆ ಹೋಗಿ. ತೊಡೆಸಂದಿಯಿಂದ ಮಾಡಿದ್ದರೆ ಮೆಟ್ಟಿಲು ಹತ್ತುವುದನ್ನು ಕಡಿಮೆ ಮಾಡಿ, ಇಂಡಿಯನ್ ಶೈಲಿಯ ಕಕ್ಕಸಿನಲ್ಲಿ ಕುಕ್ಕರುಗಾಲು ಹಾಕುವ ಬಗ್ಗೆ ಡಾಕ್ಟರನ್ನು ಕೇಳಿಯೇ ಹೊರಡಿ.

ಎದೆಯೊಳಗೆ ಸಣ್ಣ ಚುಚ್ಚು, ಏನೋ ಸೆಳೆದ ಹಾಗೆ ಆಗುವುದು ಈ ದಿನಗಳಲ್ಲಿ ಹಲವರಿಗೆ ಉಂಟು. ಬಲೂನು ಉಬ್ಬಿಸಿ ನಾಳವನ್ನು ಹಿಗ್ಗಿಸಿರುತ್ತಾರಲ್ಲ, ಅದರ ನೋವು ಎಂದು ನನ್ನ ಡಾಕ್ಟರ್ ವಿವರಿಸಿದರು. ನಡೆದರೆ ಹೆಚ್ಚಾಗುವುದಿಲ್ಲ, ಕೂತರೆ ಕಡಿಮೆಯಾಗುವುದಿಲ್ಲ, ದಿನದಿಂದ ದಿನಕ್ಕೆ ಮಂಕಾಗುತ್ತದೆ. ಹಳೆಯ ನೋವು ಬೇರೆ ಜಾತಿಯದು. ಏರಿಗೆ ಬರುತ್ತಿತ್ತು, ನಿಂತರೆ ಹೋಗುತ್ತಿತ್ತು. ಈ ಎರಡರ ವ್ಯತ್ಯಾಸವನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡರೆ ಅರ್ಧ ಭಯ ಹೋಗುತ್ತದೆ.

ನಮ್ಮೂರಿನಲ್ಲಿ ಸ್ಟೆಂಟನ್ನು ಸ್ಪ್ರಿಂಗ್ ಅನ್ನುತ್ತಾರೆ. ಕೆಮ್ಮಿದರೆ ಜಾರುತ್ತದೆ, ತೋಟದ ದಾರಿಯಲ್ಲಿ ಜೀಪು ಕುಲುಕಿದರೆ ಕಳಚುತ್ತದೆ ಎಂದು ನನಗೆ ಕಾಳಜಿಯಿಂದಲೇ ಹೇಳಿದವರು ನಾಲ್ಕೈದು ಜನ. ಹಾಗಾಗುವುದಿಲ್ಲ. ಬಲೂನಿನ ಒತ್ತಡದಲ್ಲಿ ಅದು ನಾಳದ ಗೋಡೆಗೆ ಕಚ್ಚಿಕೊಂಡಿರುತ್ತದೆ, ಮುಂದಿನ ತಿಂಗಳುಗಳಲ್ಲಿ ಗೋಡೆಯ ತೆಳು ಪೊರೆ ಅದರ ಮೇಲೆ ಬೆಳೆಯುತ್ತದೆ. ಬೆಟ್ಟದ ಮೇಲಿನ ಊರು ಎಂದೂ ಹೆದರಬೇಕಿಲ್ಲ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಲಕ್ಷಣಗಳು ಹತೋಟಿಯಲ್ಲಿರುವವರಿಗೆ ಆ ಎತ್ತರದ ಗಾಳಿ ಏನೂ ಮಾಡುವುದಿಲ್ಲ. ಕಾಲಿಗೂ ಹೃದಯಕ್ಕೂ ಕೆಲಸ ಕೊಡುವುದು ಇಲ್ಲಿನ ಏರು.

ನಿಮ್ಮದೇ ಒಂದು ಏರನ್ನು ಗುರುತು ಮಾಡಿಕೊಳ್ಳಿ

ಬಯಲುಸೀಮೆಯವರಿಗೆ ಡಾಕ್ಟರು ಅರ್ಧ ಗಂಟೆ ನಡೆಯಿರಿ ಅಂದರೆ ಸಾಕು. ಕೊಡಗಿನಲ್ಲಿ ಅರ್ಧ ಗಂಟೆ ಎಲ್ಲಿ ನಡೆದರೂ ಒಂದು ಇಳಿಜಾರು, ಒಂದು ಏರು ಇದ್ದೇ ಇರುತ್ತದೆ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಏರೇ. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಕಾಲ ಕೆಳಗಿನ ಪಟ್ಟಿಯನ್ನು ಮೇಲೆತ್ತಿ ನೋಡುವುದೂ ಇದಕ್ಕೇ. ಹೃದಯದ ನಾಳ ಕಿರಿದಾಗಿದ್ದರೆ ಕೂತಾಗ ಗೊತ್ತಾಗುವುದಿಲ್ಲ, ಹೃದಯ ಹೆಚ್ಚು ರಕ್ತ ಕೇಳಿದಾಗ ಮಾತ್ರ ಕೊರತೆ ತಿಳಿಯುತ್ತದೆ.

ಮಾಡಬೇಕಾದ್ದು ಇಷ್ಟು. ಡಾಕ್ಟರು ನಡೆಯಲು ಒಪ್ಪಿಗೆ ಕೊಟ್ಟ ಮೇಲೆ, ಮನೆಯ ಹತ್ತಿರದ ಒಂದು ಏರನ್ನು ಆಯ್ದುಕೊಳ್ಳಿ. ನನ್ನದು ಗದ್ದೆಯ ಪಕ್ಕದ ತೋಡಿನಿಂದ ಮನೆಯ ಅಂಗಳದವರೆಗೆ. ಮೊದಲ ವಾರ ಮನೆಯ ಸುತ್ತ ಸಮತಟ್ಟಿನಲ್ಲಿ ಐದರಿಂದ ಹತ್ತು ನಿಮಿಷ, ದಿನಕ್ಕೆ ಎರಡು ಸಲ. ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಐದೈದು ನಿಮಿಷ ಹೆಚ್ಚಿಸಿ. ಏರಿಗೆ ಕೈಹಾಕುವುದು ಸಮತಟ್ಟಿನಲ್ಲಿ ಇಪ್ಪತ್ತು ನಿಮಿಷ ತೊಂದರೆಯಿಲ್ಲದೆ ನಡೆದ ಮೇಲೆ. ವಾರಕ್ಕೊಂದು ಗೊತ್ತಾದ ದಿನ, ಗೊತ್ತಾದ ಹೊತ್ತಿನಲ್ಲಿ ಆ ಏರನ್ನು ನಿಮ್ಮ ಸಹಜ ನಡಿಗೆಯಲ್ಲಿ ಹತ್ತಿ, ಒಂದು ನೋಟ್ ಪುಸ್ತಕದಲ್ಲಿ ಬರೆಯಿರಿ: ಎಷ್ಟು ನಿಮಿಷ ಹಿಡಿಯಿತು, ಎಷ್ಟು ಕಡೆ ನಿಂತಿರಿ, ನಿಂತದ್ದು ಎದೆಯಿಂದಲೋ ಉಸಿರಿನಿಂದಲೋ ಕಾಲಿನಿಂದಲೋ, ಸುಸ್ತಿಗೆ ಹತ್ತರಲ್ಲಿ ಎಷ್ಟು ಅಂಕ.

‘ಎದೆಯೋ, ಉಸಿರೋ, ಕಾಲೋ’ ಎಂಬ ಆ ಒಂದು ಸಾಲು ಬಹಳ ಮುಖ್ಯ. ಕಾಲು ಸೋತು ನಿಂತವರಿಗೆ ಬೇಕಾದ್ದು ನಡಿಗೆಯ ಅಭ್ಯಾಸ. ಹತ್ತು ದಿನ ಮಲಗಿದರೂ ಸಾಕು, ಕಾಲಿನ ಸ್ನಾಯು ಕರಗುತ್ತದೆ. ಉಸಿರು ಕಟ್ಟಿ ನಿಂತವರು ಮುಂದೆ ಹೇಳುವ ಮಾತ್ರೆಗಳ ಭಾಗವನ್ನು ಓದಬೇಕು, ಇ.ಎಫ್. ಕೇಳಬೇಕು. ಎದೆ ಬಿಗಿದು ನಿಂತವರು ಡಾಕ್ಟರಿಗೆ ಫೋನ್ ಮಾಡಬೇಕು.

ನನ್ನ ಪುಸ್ತಕದಲ್ಲಿ ಹೀಗಿದೆ. ಸ್ಟೆಂಟಿಗೆ ಮೊದಲು ಎರಡು ಕಡೆ ಎದೆ ಹಿಡಿದು ನಿಲ್ಲುತ್ತಿದ್ದೆ. ನಾಲ್ಕನೆಯ ವಾರ ಒಂದು ಕಡೆ ನಿಂತೆ, ಕಾಲಿನಿಂದ, ಹನ್ನೊಂದು ನಿಮಿಷ. ಆರನೆಯ ವಾರ ನಿಲ್ಲಲಿಲ್ಲ, ಹತ್ತು ನಿಮಿಷ. ಏಳನೆಯ ವಾರ ಮತ್ತೆ ಒಂದು ಕಡೆ ನಿಂತೆ; ಹಿಂದಿನ ದಿನ ಮದುವೆ ಮನೆಯ ಓಡಾಟ, ರಾತ್ರಿ ನಿದ್ದೆ ಇರಲಿಲ್ಲ. ಹನ್ನೊಂದನೆಯ ವಾರ ಏಳು ನಿಮಿಷ. ಎರಡು ದಿನ ಚೆನ್ನಾಗಿದ್ದು ಮೂರನೆಯ ದಿನ ಕುಸಿಯುವುದು ಈ ಕಾಲದ ಸ್ವಭಾವ. ಒಂದು ದಿನವನ್ನು ನೋಡಬೇಡಿ, ಮೂರು ವಾರವನ್ನು ಒಟ್ಟಿಗೆ ನೋಡಿ.

ನಡಿಗೆಯ ವೇಗವನ್ನು ನಾಡಿ ಹಿಡಿದು ಲೆಕ್ಕ ಹಾಕುವುದರಿಂದ ನಮ್ಮಂಥವರಿಗೆ ಪ್ರಯೋಜನ ಕಡಿಮೆ, ಏಕೆಂದರೆ ಬಡಿತವನ್ನು ಇಳಿಸುವ ಮಾತ್ರೆ ಒಳಗಿರುತ್ತದೆ. ಮಾತಾಡಿ ನೋಡಿ. ಜೊತೆಯಲ್ಲಿ ನಡೆಯುವವರ ಹತ್ತಿರ ಒಂದು ವಾಕ್ಯವನ್ನು ಮುರಿಯದೆ ಹೇಳಲು ಆದರೆ ವೇಗ ಸರಿ. ಪದಪದಕ್ಕೂ ಉಸಿರು ಬೇಕಾದರೆ ನಿಧಾನಿಸಿ.

ಹೊತ್ತಿನ ವಿಚಾರ. ಬೆಳಗಿನ ಜಾವದ ಮಂಜಿನಲ್ಲಿ ನಡೆಯಬೇಡಿ. ಚಳಿಗೆ ರಕ್ತನಾಳಗಳು ಸಂಕುಚಿಸಿ ಹೃದಯದ ಕೆಲಸ ಹೆಚ್ಚುತ್ತದೆ, ಎದೆನೋವು ಬರುವ ಸಾಧ್ಯತೆಯೂ ಹೆಚ್ಚು. ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟದ ಕಡೆಯವರಿಗೆ ನಸುಕಿನಲ್ಲೂ ಮುಸ್ಸಂಜೆಯಲ್ಲೂ ಆನೆಯ ಭಯ ಬೇರೆ. ಅವು ಎದುರಾದರೆ ಓಡುವ ಶಕ್ತಿ ಈಗ ನಿಮಗಿಲ್ಲ. ಬಿಸಿಲು ಬಂದ ಮೇಲೆ ಟಾರು ರಸ್ತೆಯಲ್ಲಿ ನಡೆಯಿರಿ, ಊಟವಾಗಿ ಒಂದೂವರೆ ಗಂಟೆಯಾದರೂ ಕಳೆದಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಫಿ ಕಣ ಪಾಚಿ ಕಟ್ಟಿ ಜಾರುತ್ತದೆ, ಅಲ್ಲಿಗೆ ಹೋಗುವುದೇ ಬೇಡ. ಜಗಲಿ ಸಾಕು. ನಮ್ಮ ಜಗಲಿ ಮೂವತ್ತು ಅಡಿ. ನೂರು ಸಲ ಉದ್ದಕ್ಕೆ ನಡೆದರೆ ಸುಮಾರು 900 ಮೀಟರ್. ಒಂದು ಮಳೆಗಾಲ ಪೂರ್ತಿ ನಾನು ಹಾಗೆ ನಡೆದಿದ್ದೇನೆ, ಬೇಸರವಾಗದಂತೆ ರೇಡಿಯೋ ಹಾಕಿಕೊಂಡು.

ಮಾತ್ರೆಗಳನ್ನು ಒಂದೊಂದಾಗಿ ಗುರುತಿಸಿ

ಸ್ಟೆಂಟ್ ಹಾಕಿದ ಮರುದಿನದಿಂದ ಒಟ್ಟಿಗೆ ಆರೇಳು ಮಾತ್ರೆ ಶುರುವಾಗುತ್ತದೆ. ದೇಹಕ್ಕೆ ಅಷ್ಟೂ ಹೊಸದು. ಮೊದಲ ತಿಂಗಳ ಸುಸ್ತಿನಲ್ಲಿ ಒಂದು ಪಾಲು ಇವುಗಳದ್ದೇ.

ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಕಾರ್ವೆಡಿಲಾಲ್ ಎಂಬ ಹೆಸರಿದ್ದರೆ ಅದು ಬಡಿತ ಇಳಿಸುವ ಮಾತ್ರೆ. ಮೈ ಭಾರ, ಕೈಕಾಲು ತಣ್ಣಗೆ, ಏರಿನಲ್ಲಿ ಗೇರು ಬೀಳದ ಗಾಡಿಯ ಹಾಗೆ ಅನಿಸುವುದು, ವಿಚಿತ್ರ ಕನಸು ಇದರ ಲಕ್ಷಣ. ಹಲವರಿಗೆ ಕೆಲವು ವಾರದಲ್ಲಿ ಹೊಂದಿಕೊಳ್ಳುತ್ತದೆ. ನಾಡಿ 50ಕ್ಕಿಂತ ಕೆಳಗಿಳಿದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ತಿಳಿಸಿ, ಪ್ರಮಾಣ ಇಳಿಸಬಹುದು. ಇದನ್ನು ಒಮ್ಮೆಗೇ ಬಿಟ್ಟರೆ ಬಡಿತ ಹಾರಿ ಎದೆನೋವು ಬರಬಹುದು.

ಟಿಕಾಗ್ರೆಲಾರ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ದಿನಕ್ಕೆ ಎರಡು ಸಲ. ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಇದರಿಂದ ಉಸಿರಿನ ತೊಂದರೆ ಆಗುತ್ತದೆ. ನನಗೂ ಆಯಿತು. ನಡೆಯುವಾಗ ಅಲ್ಲ, ಸಂಜೆ ಸುಮ್ಮನೆ ಕೂತು ಕಾಫಿ ಕುಡಿಯುವಾಗ ಒಂದು ದೀರ್ಘ ಉಸಿರು ಎಳೆದುಕೊಳ್ಳಬೇಕು, ಎಳೆದರೂ ಸಾಲದು ಅನಿಸುವುದು. ಮೂರು ವಾರ ಯಾರಿಗೂ ಹೇಳದೆ ಒಳಗೊಳಗೆ ಹೆದರಿದೆ. ಕೊನೆಗೆ ಮೈಸೂರಿಗೆ ಹೋಗಿ ಇಸಿಜಿ, ಎಕೋ ಎರಡೂ ಸರಿಯಿವೆ ಎಂದಾದ ಮೇಲೆ ಡಾಕ್ಟರು ಅದನ್ನು ಅದೇ ಕೆಲಸ ಮಾಡುವ ಕ್ಲೋಪಿಡೊಗ್ರೆಲ್‌ಗೆ ಬದಲಾಯಿಸಿದರು. ಒಂದೇ ವಾರದಲ್ಲಿ ಹೋಯಿತು. ಮೂರು ವಾರ ಸುಮ್ಮನಿದ್ದದ್ದು ನನ್ನ ತಪ್ಪು. ಅದಕ್ಕಿಂತ ದೊಡ್ಡ ತಪ್ಪೊಂದನ್ನು ಮಾಡಲಿಲ್ಲವೆಂಬುದೇ ಸಮಾಧಾನ: ಮಾತ್ರೆಯನ್ನು ನಾನಾಗಿ ನಿಲ್ಲಿಸಲಿಲ್ಲ.

ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಆಸ್ಪಿರಿನ್ ಮತ್ತು ಅದರ ಜೊತೆಯ ಟಿಕಾಗ್ರೆಲಾರ್, ಕ್ಲೋಪಿಡೊಗ್ರೆಲ್‌ನಂಥ ಎರಡನೆಯ ಮಾತ್ರೆ, ಈ ಜೋಡಿಯನ್ನು ಸಾಮಾನ್ಯವಾಗಿ ಹೃದಯಾಘಾತದ ನಂತರ 12 ತಿಂಗಳು, ಆಘಾತವಿಲ್ಲದಿದ್ದರೆ 6 ತಿಂಗಳು ಕೊಡುತ್ತಾರೆ. ನಿಮ್ಮ ಅವಧಿ ನಿಮ್ಮ ಚೀಟಿಯಲ್ಲಿರುತ್ತದೆ. ಸ್ಟೆಂಟಿನ ತಂತಿಯ ಮೇಲೆ ಪೊರೆ ಬೆಳೆಯುವ ಮೊದಲೇ ನಿಲ್ಲಿಸಿದರೆ ಅಲ್ಲೇ ರಕ್ತ ಹೆಪ್ಪುಗಟ್ಟಿ ನಾಳ ಒಮ್ಮೆಗೇ ಮುಚ್ಚಬಹುದು. ಅದು ದೊಡ್ಡ ಹೃದಯಾಘಾತ, ಜೀವಕ್ಕೇ ಅಪಾಯ. ಹಲ್ಲು ಕೀಳಿಸಬೇಕಿದ್ದರೂ, ಹೊಟ್ಟೆ ಉರಿದರೂ, ಸುಸ್ತು ಅನಿಸಿದರೂ, ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಹೊಟ್ಟೆಯುರಿಗೆ ಮಾತ್ರೆ ಬೇಕಾದರೂ ಅವರನ್ನೇ ಕೇಳಿ. ಒಮೆಪ್ರಜೋಲ್ ಕ್ಲೋಪಿಡೊಗ್ರೆಲ್‌ನ ಕೆಲಸವನ್ನು ಕುಗ್ಗಿಸುತ್ತದೆ, ಅದಕ್ಕೇ ಸಾಮಾನ್ಯವಾಗಿ ಪ್ಯಾಂಟೊಪ್ರಜೋಲ್ ಬರೆಯುತ್ತಾರೆ.

ಕೊಬ್ಬು ಇಳಿಸುವ ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್ ಬಗ್ಗೆ ಊರಲ್ಲಿ ದೂರು ಜಾಸ್ತಿ. ಮೈಕೈ ನೋವೆಲ್ಲ ಅದರಿಂದಲೇ ಎನ್ನುತ್ತಾರೆ. ದೊಡ್ಡ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ನೋಡಿದಾಗ, ಈ ಮಾತ್ರೆ ತಿನ್ನುವವರಿಗೆ ಬಂದ ಸ್ನಾಯುನೋವಿನಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಪಾಲು ಮಾತ್ರೆಯಿಂದ ಬಂದದ್ದಲ್ಲ ಎಂದು ಕಂಡಿತು. ನಿಜವಾದದ್ದು ಸಾಮಾನ್ಯವಾಗಿ ಎರಡೂ ತೊಡೆ, ಎರಡೂ ಭುಜದಲ್ಲಿ ಸಮನಾಗಿ ಬರುತ್ತದೆ. ಅನುಮಾನವಿದ್ದರೆ ಸಿ.ಕೆ. ಎಂಬ ರಕ್ತಪರೀಕ್ಷೆ ಇದೆ, ಬೇರೆ ಸ್ಟಾಟಿನ್ ಇದೆ, ಕಡಿಮೆ ಪ್ರಮಾಣ ಇದೆ. ಬಿಟ್ಟುಬಿಡುವುದು ಬೇಡ, ಹೊಸ ಬ್ಲಾಕ್ ಬೆಳೆಯದಂತೆ ತಡೆಯುವುದು ಇದೇ.

ರಕ್ತದೊತ್ತಡದ ರಾಮಿಪ್ರಿಲ್‌ಗೆ ಒಣಕೆಮ್ಮು, ಎದೆನೋವಿಗೆ ಕೊಡುವ ನೈಟ್ರೇಟ್ ಮಾತ್ರೆಗೆ ತಲೆನೋವು. ಎರಡಕ್ಕೂ ಬದಲಿ ಅಥವಾ ಹೊಂದಾಣಿಕೆ ಉಂಟು.

ರಕ್ತದ ಲೆಕ್ಕ: ಜಿಗಣೆ, ಮದ್ದುಸೊಪ್ಪು, ನೋವಿನ ಮಾತ್ರೆ

ರಕ್ತ ತೆಳುವಾಗಿಸುವ ಎರಡು ಮಾತ್ರೆ ಒಟ್ಟಿಗೆ ತಿನ್ನುವಾಗ ಹೊಟ್ಟೆಯೊಳಗೆ ಸದ್ದಿಲ್ಲದೆ ರಕ್ತ ಹೋಗಬಹುದು. ಹೊರಗೆ ಕಾಣುವುದು ಸುಸ್ತು, ಬಿಳಿಚಿದ ಮುಖ, ಏರಿನಲ್ಲಿ ಉಸಿರು. ಮಲ ಟಾರಿನ ಹಾಗೆ ಕಪ್ಪಗೆ ಅಂಟಂಟಾಗಿ ಹೋದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕಬ್ಬಿಣದ ಮಾತ್ರೆ ತಿನ್ನುವವರಿಗೂ ಕಪ್ಪಗಾಗುತ್ತದೆ, ಆದರೆ ಅದನ್ನು ನೀವೇ ತೀರ್ಮಾನಿಸಬೇಡಿ. ಮೊದಲ ಭೇಟಿಯಲ್ಲಿ ಹಿಮೋಗ್ಲೋಬಿನ್ ನೋಡಿಸಿ.

ಕೊಯ್ಲಿನ ಕಾಲದ ಸೊಂಟನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವುದು ನಮ್ಮ ಎಲ್ಲ ತೋಟಗಳಲ್ಲೂ ಇದೆ. ಲೈನ್‌ಮನೆಯ ಕೂಲಿಯವರೂ, ಮಾಲೀಕರೂ. ಸ್ಟೆಂಟ್ ಇದ್ದವರಿಗೆ ಇದು ಬೇಡ. ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ, ಐಬುಪ್ರೊಫೆನ್ ಆಸ್ಪಿರಿನ್‌ನ ಕೆಲಸಕ್ಕೂ ಅಡ್ಡ ಬರುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಆದೀತು, ಅದೂ ಡಾಕ್ಟರು ಹೇಳಿದ ಪ್ರಮಾಣದಲ್ಲಿ.

ಮಳೆಗಾಲದಲ್ಲಿ ಜಿಗಣೆ ಕಚ್ಚಿದರೆ ಮೊದಲಿಗಿಂತ ಬಹಳ ಹೊತ್ತು ರಕ್ತ ಹರಿಯುತ್ತದೆ. ಜಿಗಣೆಯ ಜೊಲ್ಲಿನಲ್ಲೇ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿದೆ, ಮಾತ್ರೆಯೂ ಸೇರಿಕೊಂಡಿತು. ಗಾಬರಿಯಾಗಬೇಡಿ. ಶುದ್ಧ ಬಟ್ಟೆಯಿಂದ ಹತ್ತು ಹದಿನೈದು ನಿಮಿಷ ಒತ್ತಿ ಕಟ್ಟಿ. ಅದಕ್ಕಿಂತ ಮೊದಲೇ ಉದ್ದ ಕಾಲುಚೀಲ, ಗಮ್‌ಬೂಟು ಹಾಕುವುದು ಜಾಣತನ. ಕತ್ತಿ ಹಿಡಿಯುವವರು ಇನ್ನೂ ಎಚ್ಚರ.

ಆಗಸ್ಟ್ 3ರ ಸುಮಾರಿಗೆ, ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಮನೆಮನೆಯಲ್ಲೂ ಮದ್ದುಸೊಪ್ಪಿನ ಪಾಯಸ. ತಿಂದ ಮೇಲೆ ಮೂತ್ರ ಕೆಂಪಾಗುವುದು ನಮಗೆಲ್ಲ ಗೊತ್ತು. ಆದರೆ ರಕ್ತ ತೆಳುವಾಗಿಸುವ ಮಾತ್ರೆಯಲ್ಲಿದ್ದಾಗ ಅದನ್ನು ಕಂಡು ನಾನೇ ಬೆಚ್ಚಿದ್ದೆ. ತಿಂದ ಬಣ್ಣ ಮರುದಿನಕ್ಕೆ ತಿಳಿಯಾಗುತ್ತದೆ. ತಿನ್ನದೆ ಕೆಂಪಾದರೆ, ಅಥವಾ ಎರಡು ದಿನವಾದರೂ ಹೋಗದಿದ್ದರೆ ಅದು ಸೊಪ್ಪಿನ ಬಣ್ಣವಲ್ಲ, ತೋರಿಸಿ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಂದಿ ಮಾಂಸದ ಕೊಬ್ಬು ಬಿಟ್ಟು, ಕೈಲ್‌ಪೊಳ್ದ್, ಪುತ್ತರಿಯಂಥ ಹಬ್ಬಕ್ಕೆ ಮಾತ್ರ, ನಾಲ್ಕು ತುಂಡು. ಉಪ್ಪಿನಕಾಯಿ ಕಡಿಮೆ. ಕಾಫಿ ದಿನಕ್ಕೆ ಎರಡು ಮೂರು ಲೋಟ ಕುಡಿದರೆ ತೊಂದರೆಯಿಲ್ಲ. ಬೀಡಿ ಸಿಗರೇಟು ಒಂದೂ ಬೇಡ.

ತೋಟದ ಕೆಲಸಕ್ಕೆ ಯಾವಾಗ

ಆಘಾತವಿಲ್ಲದೆ ಸ್ಟೆಂಟ್ ಹಾಕಿಸಿಕೊಂಡವರು ಒಂದು ವಾರದ ಮೇಲೆ ಹಗುರ ಕೆಲಸಕ್ಕೆ, ಆಘಾತವಾದವರು ನಾಲ್ಕರಿಂದ ಆರು ವಾರದ ಮೇಲೆ, ಎಲ್ಲಕ್ಕೂ ಡಾಕ್ಟರ ಮಾತೇ ಕೊನೆಯದು. ನಡೆಯುವುದಕ್ಕಿಂತ ಉಸಿರು ಹಿಡಿದು ಎತ್ತುವ ಕೆಲಸ ಹೃದಯಕ್ಕೆ ಕಷ್ಟ. ಹಾಗಾಗಿ ಮೇಲ್ವಿಚಾರಣೆ, ಕಣದಲ್ಲಿ ಕಾಫಿ ಹರಡುವುದು ಮೊದಲು, ಕಪಾತು (ಗಿಡದ ರೆಂಬೆ ಸವರುವುದು), ಚಿಗುರು ತೆಗೆಯುವುದು ಆಮೇಲೆ, 50 ಕೆ.ಜಿ. ಮೂಟೆ, ಬೆನ್ನಿಗೆ ಕಟ್ಟುವ ಸ್ಪ್ರೇಯರ್, ಕಳೆ ಕೊಚ್ಚುವ ಮೆಷಿನ್ ಎಲ್ಲಕ್ಕಿಂತ ಕೊನೆಗೆ. ಮೆಣಸು ಕೊಯ್ಯಲು ಏಣಿ ಹತ್ತುವುದನ್ನು ಮಾತ್ರೆಯ ಜೋಡಿ ಮುಗಿಯುವವರೆಗೆ ಬೇರೆಯವರಿಗೆ ಬಿಡಿ. ತಲೆ ಸುತ್ತಿ ಬಿದ್ದರೆ ನಿಲ್ಲದ ರಕ್ತ, ತಲೆಗೆ ಪೆಟ್ಟಾದರೆ ಇನ್ನೂ ಕಷ್ಟ.

ಕೂಲಿಗೆ ಹೋಗುವವರಿಗೆ ಇಷ್ಟು ದಿನ ಕೂತಿರುವುದು ಸುಲಭವಲ್ಲ ಎಂದು ಬಲ್ಲೆ. ಇಂಥ ಕೆಲಸ ಕೊಡಬಾರದು ಎಂದು ಡಾಕ್ಟರಿಂದ ಒಂದು ಚೀಟಿ ಬರೆಸಿಕೊಂಡು ತೋಟದ ರೈಟರಿಗೋ ಮಾಲೀಕರಿಗೋ ಕೊಡಿ. ಮಾಲೀಕರಾದವರು ದಯವಿಟ್ಟು ಅದನ್ನು ಗೌರವಿಸಿ, ಕಣದ ಕೆಲಸ ಕೊಡಿ.

ರಾತ್ರಿಯ ಭಯ

ಹೃದಯಾಘಾತವಾದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಅದು ಬರುವುದು ಅಳುವಾಗಿಯೇ ಅಲ್ಲ, ಸುಸ್ತಾಗಿಯೂ ಬರುತ್ತದೆ. ಬೆಳಿಗ್ಗೆ ಏಳಲು ಮನಸ್ಸಿಲ್ಲ, ತೋಟಕ್ಕೆ ಹೂಮಳೆ ಬಿದ್ದರೂ ಸಂತೋಷವಿಲ್ಲ, ಸಣ್ಣದಕ್ಕೆ ಸಿಡುಕು, ಎದೆಯ ಬಡಿತವನ್ನೇ ಆಲಿಸುತ್ತಾ ಮಲಗುವುದು. ನಮ್ಮ ಮನೆಗಳು ಒಂದಕ್ಕೊಂದು ದೂರ, ಜುಲೈ ಮಳೆಯಲ್ಲಿ ಕರೆಂಟಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಈ ಒಂಟಿತನ ಭಯವನ್ನು ದೊಡ್ಡದು ಮಾಡುತ್ತದೆ. ಎರಡು ವಾರಕ್ಕಿಂತ ಹೆಚ್ಚು ಹೀಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಮನೆಯವರಿಗೂ ಒಂದು ಮಾತು. ಹೆಜ್ಜೆಹೆಜ್ಜೆಗೂ “ಕೂತ್ಕೊಳ್ಳಿ, ಎದ್ದೇಳ್ಬೇಡಿ” ಅನ್ನಬೇಡಿ, ಜೊತೆಯಲ್ಲಿ ನಡೆಯಿರಿ. ನನ್ನವಳು ಮೊದಲ ತಿಂಗಳು ರಾತ್ರಿ ಎದ್ದು ನನ್ನ ಉಸಿರು ನೋಡುತ್ತಿದ್ದಳೆಂದು ನನಗೆ ಗೊತ್ತಾದದ್ದು ಆಮೇಲೆ. ಅವಳ ನಿದ್ದೆಯ ಬಗ್ಗೆ ಯಾರೂ ಕೇಳಿರಲಿಲ್ಲ. ಗಂಡಹೆಂಡಿರ ಸಂಬಂಧದ ವಿಚಾರವನ್ನೂ ಸಂಕೋಚದಿಂದ ಮುಚ್ಚಿಡಬೇಡಿ. ಎರಡು ಮಹಡಿ ಮೆಟ್ಟಿಲನ್ನು ತೊಂದರೆಯಿಲ್ಲದೆ ಹತ್ತಲು ಆದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಅದಕ್ಕೆಂದು ಅಂಗಡಿಯಲ್ಲಿ ಸಿಗುವ ಸಿಲ್ಡೆನಾಫಿಲ್‌ನಂಥ ಮಾತ್ರೆಯನ್ನು ನೈಟ್ರೇಟ್ ಜೊತೆ ಸೇರಿಸಿದರೆ ರಕ್ತದೊತ್ತಡ ಪ್ರಾಣಾಪಾಯವಾಗುವಷ್ಟು ಕುಸಿಯುತ್ತದೆ.

ಹಳೆಯ ನೋವು ಮರಳಿದರೆ

ಎರಡು ರೀತಿಯಲ್ಲಿ ಮರಳಬಹುದು. ಮೊದಲನೆಯದು ನಿಧಾನದ್ದು. ಸ್ಟೆಂಟಿನೊಳಗೆ ಅಂಗಾಂಶ ಬೆಳೆದು ಮತ್ತೆ ಕಿರಿದಾಗುವುದು ಹೆಚ್ಚಾಗಿ ಮೂರರಿಂದ ಹನ್ನೆರಡು ತಿಂಗಳೊಳಗೆ. ಔಷಧಿ ಲೇಪಿಸಿದ ಈಗಿನ ಸ್ಟೆಂಟುಗಳಲ್ಲಿ ಇದು ಹಳೆಯವುಗಳಿಗಿಂತ ಬಹಳ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ನಿಮ್ಮ ನೋಟ್ ಪುಸ್ತಕ ಕೆಲಸಕ್ಕೆ ಬರುವುದು ಇಲ್ಲಿ. ನಿಲ್ಲದೆ ಹತ್ತುತ್ತಿದ್ದ ಏರಿನಲ್ಲಿ ಎರಡು ಮೂರು ವಾರದಿಂದ ಮತ್ತೆ ನಿಲ್ಲುತ್ತಿದ್ದೀರಿ, ಅದೂ ಎದೆಯಿಂದ, ಎಂದು ಪುಸ್ತಕ ಹೇಳಿದರೆ ಆ ವಾರವೇ ಹೋಗಿ. ಮಧುಮೇಹವಿದ್ದವರಿಗೆ ನೋವು ಇರದೆ ಬರೀ ಉಸಿರು, ಬೆವರು, ಅಸಾಧ್ಯ ಸುಸ್ತಾಗಿಯೂ ಕಾಣಿಸಬಹುದು. ಮೂರು ದಿನದಲ್ಲಿ ಎರಡು ಕೆ.ಜಿ. ತೂಕ ಏರಿ ಪಾದ ಊದಿದರೆ, ಮಲಗಿದರೆ ಉಸಿರು ಕಟ್ಟಿ ದಿಂಬು ಏರಿಸಬೇಕಾದರೆ ಅದು ಹೃದಯದ ಪಂಪು ಸೋಲುತ್ತಿರುವ ಸೂಚನೆ. ಅದಕ್ಕೂ ಕಾಯಬೇಡಿ.

ಎರಡನೆಯದು ಒಮ್ಮೆಗೇ ಬರುವುದು. ಎದೆ ಹಿಂಡಿದ ಹಾಗೆ, ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವ ನೋವು, ತಣ್ಣನೆಯ ಬೆವರು, ವಾಂತಿ. ಗ್ಯಾಸ್ ಎಂದು ಸೋಡಾ ಕುಡಿದು ಕೂರಬೇಡಿ. ಎಲ್ಲಿದ್ದೀರೋ ಅಲ್ಲೇ ಕೂತು, ಡಾಕ್ಟರು ಬರೆದುಕೊಟ್ಟಿದ್ದರೆ ಸಾರ್ಬಿಟ್ರೇಟ್ (ಇದೂ ನೈಟ್ರೇಟೇ) ಒಂದು ಮಾತ್ರೆ ನಾಲಗೆಯ ಕೆಳಗೆ ಇಟ್ಟುಕೊಳ್ಳಿ. ನಿಂತು ಹಾಕಿಕೊಂಡರೆ ತಲೆಸುತ್ತಿ ಬೀಳಬಹುದು. ಐದು ನಿಮಿಷದಲ್ಲಿ ಹೋಗದಿದ್ದರೆ 108ಕ್ಕೆ ಕರೆ. ನೀವೇ ಗಾಡಿ ಓಡಿಸಬೇಡಿ.

ಇಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪು, ಸೀದಾ ಮೈಸೂರಿಗೆ ಹೊರಡುವುದು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ.; ಕುಟ್ಟ, ಭಾಗಮಂಡಲದ ಕಡೆಯವರಿಗೆ ಮುಖ್ಯ ರಸ್ತೆಗೆ ಬರುವುದಕ್ಕೇ ಹೊತ್ತು ಬೇಕು. ನಾಳ ಮುಚ್ಚಿದ್ದರೆ ನಿಮಿಷನಿಮಿಷಕ್ಕೂ ಸ್ನಾಯು ಸಾಯುತ್ತಿರುತ್ತದೆ. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ (ಬಲೂನಿನಿಂದ ನಾಳ ತೆರೆಯುವುದು) ಸಾಧ್ಯವಿಲ್ಲದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಮೊದಲು ಕೊಟ್ಟು ಆಮೇಲೆ ಸಾಗಿಸುವುದು ಒಪ್ಪಿತ ಕ್ರಮ. ಆದ್ದರಿಂದ ಇಸಿಜಿ ತೆಗೆಯುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರಿಗೆ ಕಳಿಸಿ, ಟೆನೆಕ್ಟೆಪ್ಲೇಸ್ ಎಂಬ ಆ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದಿದೆ ಎಂದು ಚೆನ್ನಾಗಿರುವ ದಿನವೇ ವಿಚಾರಿಸಿಕೊಳ್ಳಿ.

ಆ ಹೆಸರು, ಅಲ್ಲಿನ ಫೋನ್ ನಂಬರು, ಜೀಪು ಇರುವ ಇಬ್ಬರು ನೆರೆಯವರ ನಂಬರು, ನೀವು ತಿನ್ನುವ ಮಾತ್ರೆಗಳ ಪಟ್ಟಿ, ಸ್ಟೆಂಟ್ ಕಾರ್ಡಿನ ನಕಲು, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಜೋಡುಪಾಲದ ಕಡೆ ಮಂಗಳೂರಿಗೆ ಹೋಗುವ ಮಡಿಕೇರಿ–ಸಂಪಾಜೆ ರಸ್ತೆ ವಾರಗಟ್ಟಲೆ ಮುಚ್ಚಿತ್ತು. ಮಂಗಳೂರಿಗೆ ತೋರಿಸಿಕೊಳ್ಳುವವರು ಮಳೆಗಾಲಕ್ಕೆ ಬೇರೆ ದಾರಿಯನ್ನೂ ಯೋಚಿಸಿಡಬೇಕು. ಮೇ ಕೊನೆಯ ವಾರದಲ್ಲಿ ನಾನು ಡಬ್ಬ ತೆಗೆದು ಮಾತ್ರೆ ಎಣಿಸುತ್ತೇನೆ. ಎರಡು ತಿಂಗಳಿಗೆ ಸಾಲುವಷ್ಟು ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಮನೆಯಲ್ಲಿ ಇದ್ದ ಮೇಲೆಯೇ ಮಳೆಗೆ ಬಾಗಿಲು ಹಾಕುವುದು.